ಬಸವನಗುಡಿಯಿಂದ ಹ್ಯಾಡೋ ಧಕ್ಕೆಗೆ ಒಂದು ಕಾರು

ಕಾರನ್ನು ಮಾರಿಬಿಡಿ ಎಂದು ಹೇಳದವರೇ ಇರಲಿಲ್ಲ. ನನಗೆ ಅಂಡಮಾನಿಗೆ ವರ್ಗವಾಗಿದೆ ಎಂಬ ಸುದ್ದಿ ಬ್ಯಾಂಕಿನಲ್ಲಿ ಹರಡಿ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಷ್ಟರಲ್ಲೇ ಗಿರಾಕಿಗಳು ಹುಟ್ಟಿಕೊಂಡಿದ್ದರು. "ಮೇಡಂ, ಒಂದೇ ಕೈಯಲ್ಲಿ ಓಡಿದ ಗಾಡಿ, ಹೊರಗಿನವರಿಗೆ ಕೊಡಬೇಡಿ" ಎಂದು ಒಬ್ಬರು. "ಅಲ್ಲಿ ರಸ್ತೆಯಾದರೂ ಎಲ್ಲಿದೆ, ಕಾರು ಒಯ್ದು ಏನು ಮಾಡುತ್ತೀರಿ?" ಎಂದು ಇನ್ನೊಬ್ಬರು. ಅಲ್ಲಿ ರಸ್ತೆ ಇದೆ. ಪೋರ್ಟ್ ಬ್ಲೇರಿನಿಂದ ಉತ್ತರದ ಡಿಗ್ಲಿಪುರದವರೆಗೆ ಹೋಗುವ ಅಂಡಮಾನ್ ಟ್ರಂಕ್ ರೋಡಿಗೆ ಈಗ ರಾಷ್ಟ್ರೀಯ ಹೆದ್ದಾರಿ 4 ಎಂದು ಹೆಸರು. ನಡುವೆ ಜಾರವಾ ಬುಡಕಟ್ಟು ಜನರ ಮೀಸಲು ಕಾಡನ್ನು ವಾಹನಗಳು ಸಾಲಾಗಿ, ಪೊಲೀಸ್ ಬೆಂಗಾವಲಿನಲ್ಲಿ ದಾಟಬೇಕು, ಅಷ್ಟೇ. ಪೆಟ್ರೋಲಿನ ಮೇಲೆ ಅಲ್ಲಿ ತೆರಿಗೆ ತೀರಾ ಕಡಿಮೆಯಾದ್ದರಿಂದ ಬೆಂಗಳೂರಿಗಿಂತ ಲೀಟರಿಗೆ ಸುಮಾರು 20 ರೂಪಾಯಿ ಅಗ್ಗ.

ನಮ್ಮದು ಐದು ವರ್ಷದ ಸಣ್ಣ ಕಾರು, ಸಾಲ ತೀರಿದೆ, ಎಂಜಿನ್ ಗಟ್ಟಿಯಾಗಿದೆ. ಇಲ್ಲಿ ಬಂದಷ್ಟಕ್ಕೆ ಮಾರಿ, ಸಾಗಣೆ ವೆಚ್ಚವನ್ನೂ ಸೇರಿಸಿಕೊಂಡ ದ್ವೀಪದ ಬೆಲೆಗೆ ಅಲ್ಲಿ ಇನ್ನೊಂದನ್ನು ಕೊಂಡು, ಹಿಂದಿರುಗುವಾಗ ಅದನ್ನೂ ಮಾರುವುದೆಂದರೆ ಎರಡು ಬಾರಿ ನಷ್ಟ. ಅಲ್ಲಿರುವುದು ಒಂದೇ ವರ್ಷ ಎಂದಿದ್ದರೆ ನಾನೂ ಮಾರುತ್ತಿದ್ದೆ. ಮೂರು ವರ್ಷ ಎಂದಮೇಲೆ ಲೆಕ್ಕ ಒಯ್ಯುವ ಕಡೆಗೇ ವಾಲಿತು.

ಬ್ಯಾಂಕಿನಲ್ಲಿ ವರ್ಷಗಟ್ಟಲೆ ಸಾಲದ ಕಡತಗಳನ್ನು ನೋಡಿದವಳಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಯಾವ ವಸ್ತು ಕೈ ಬದಲಾಯಿಸಿದರೂ, ಈ ಗಳಿಗೆಯಲ್ಲಿ ಇದಕ್ಕೆ ಜವಾಬ್ದಾರಿ ಯಾರದು, ಸಹಿ ಎಲ್ಲಿದೆ ಎಂದು ಕೇಳುವ ಚಟ. ನಮ್ಮವರಿಗೆ ಇದು ಮನೆಯ ಹಾಲಿನ ಲೆಕ್ಕದಲ್ಲೂ ಕಿರಿಕಿರಿ. ಆದರೆ ಕಾರನ್ನು ಸಮುದ್ರ ದಾಟಿಸುವ ಕೆಲಸದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಎಂದು ನನಗೆ ಬೇಗ ಗೊತ್ತಾಯಿತು. ನಮ್ಮ ಗೇಟಿನಿಂದ ಹೊರಟ ಕಾರು ಗೋದಾಮು, ಕಂಟೇನರ್, ಬಂದರು, ಹಡಗು, ಮತ್ತೆ ಬಂದರು, ಟ್ರೇಲರ್, ಅಂಗಳ ಎಂದು ಕೈಯಿಂದ ಕೈಗೆ ಹೋಗುತ್ತದೆ. ಗೀರು ಬೀಳುವುದೂ ಬಿಲ್ಲು ಬೆಳೆಯುವುದೂ ಈ ಕೈ ಬದಲಾಗುವ ಜಾಗಗಳಲ್ಲೇ.

ಮೊದಲು ಕಾಗದ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲೋ ಕೇಂದ್ರಾಡಳಿತ ಪ್ರದೇಶದಲ್ಲೋ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಅದಕ್ಕೆ ಇಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು. 2021ರಲ್ಲಿ ಬಂದ ಬಿಎಚ್ ಸರಣಿಗೆ ಬದಲಾಯಿಸಿಕೊಳ್ಳಿ, ಎಲ್ಲಿಗೆ ವರ್ಗವಾದರೂ ಚಿಂತೆಯಿಲ್ಲ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಸಲಹೆ ಚೆನ್ನಾಗಿಯೇ ಇತ್ತು. ಆದರೆ ಅದರಲ್ಲಿ ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟಬೇಕು. ಕರ್ನಾಟಕಕ್ಕೆ ಜೀವಿತಾವಧಿ ತೆರಿಗೆ ತುಂಬಿ, ಮತ್ತೆ ಆ ಎರಡೆರಡು ವರ್ಷದ ತೆರಿಗೆಗೆ ಕಾಲಿಡಲು ನನಗೆ ಮನಸ್ಸಾಗಲಿಲ್ಲ.

ನಿರಾಕ್ಷೇಪಣಾ ಪತ್ರಕ್ಕೆ ಫಾರಂ 28, ಅದೂ ಮೂರು ಪ್ರತಿ. ಅರ್ಜಿ ಪರಿವಾಹನ್ ಜಾಲತಾಣದಲ್ಲೇ ಶುರುವಾದರೂ ಕೊನೆಗೆ ಕಾಗದವಾಗಿಯೇ ಮುಗಿಯುತ್ತದೆ. ಆರ್‌ಸಿ, ಚಾಲ್ತಿ ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ವಾಹನ ಕಳವಿನ ಪಟ್ಟಿಯಲ್ಲಿಲ್ಲ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ತಾಣದಿಂದ ತೆಗೆದ ಹಾಳೆ, ಜೊತೆಗೆ ಬಾಕಿ ದಂಡ ಇರಬಾರದು. 2023ರ ಫೆಬ್ರವರಿಯಲ್ಲಿ ಸರ್ಕಾರ ದಂಡದಲ್ಲಿ ಅರ್ಧ ಬಿಟ್ಟಾಗ ಇಡೀ ಬೆಂಗಳೂರಿನ ಜೊತೆ ನಾವೂ ಕಟ್ಟಿ ಮುಗಿಸಿದ್ದೆವು. ಆದರೆ ಆಮೇಲೆ ನಮ್ಮವರು ಡಿವಿಜಿ ರಸ್ತೆಯಲ್ಲಿ "ಎರಡೇ ನಿಮಿಷ" ನಿಲ್ಲಿಸಿದ್ದರ ಫೋಟೊ ಸಮೇತ ಒಂದು ದಂಡ ಹೊಸದಾಗಿ ಕಾದು ಕೂತಿತ್ತು. ಕಟ್ಟಿದೆವು.

ಈ ಫಾರಮ್ಮಿನ ಮೇಲೆ ಚಾಸಿ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ ಅಂಟಿಸಬೇಕು. ಎಲ್ಲವೂ ಕಂಪ್ಯೂಟರಿನಲ್ಲಿರುವ ಕಾಲದಲ್ಲಿ ಇದೊಂದು ಹೇಗೆ ಉಳಿದುಕೊಂಡಿತೋ! ಆರ್‌ಟಿಒ ಹೊರಗೆ ಫಾರಂ ಮಾರುವವರ ಸಾಲಿನಲ್ಲಿ ಇದನ್ನೇ ಕಸುಬು ಮಾಡಿಕೊಂಡ ಒಬ್ಬ ಹಿರಿಯರಿದ್ದರು. ತಗಡಿನ ಮೇಲೆ ಒತ್ತಿದ 17 ಅಕ್ಷರ ಮತ್ತು ಅಂಕೆಗಳನ್ನು ಮೊದಲು ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಉಜ್ಜಿದರು. ಜಿಡ್ಡು ಬಿಟ್ಟು ತಗಡು ಹೊಳೆದ ಮೇಲೆ ಪೆನ್ಸಿಲನ್ನು ಅಡ್ಡವಾಗಿ ಹಿಡಿದು ಅಂಕೆಗಳ ಮೇಲೆ ಮಸಿ ಬಳಿದರು. ಆಮೇಲೆ ಪಾರದರ್ಶಕ ಟೇಪಿನ ಒಂದು ಪಟ್ಟಿಯನ್ನು ಅದರ ಮೇಲೆ ಹಚ್ಚಿ, ಹೆಬ್ಬೆರಳಿನ ಉಗುರಿನಿಂದ ಎಡದಿಂದ ಬಲಕ್ಕೆ ತೀಡಿ, ಒಂದೇ ಎಳೆತಕ್ಕೆ ಕಿತ್ತರು. ಟೇಪಿನಲ್ಲಿ ಇಡೀ ಸಂಖ್ಯೆ ಬೂದು ಬಣ್ಣದಲ್ಲಿ ಎದ್ದು ಬಂದಿತ್ತು, ಒಂದು ಅಂಕೆಯ ಬಾಲವೂ ಮುಕ್ಕಾಗಿರಲಿಲ್ಲ. "ಇನ್ನೆರಡು ಹೆಚ್ಚಿಗೆ ತೆಗೆದು ಕೊಡುತ್ತೇನೆ, ಇಟ್ಟುಕೊಳ್ಳಿ ಅಮ್ಮ. ಆ ಕಡೆಯವರೂ ಕೇಳುತ್ತಾರೆ" ಎಂದರು. ಆ ಕಡೆಯವರು ಕೇಳಿಯೇ ಕೇಳಿದರು.

ಅರ್ಜಿ ಸಿಕ್ಕ 30 ದಿನದೊಳಗೆ ಆರ್‌ಟಿಒ ಪತ್ರ ಕೊಡಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು. ಎರಡೂ ಮಾಡದಿದ್ದರೆ ಕೊಟ್ಟಂತೆಯೇ ಎಂದು 48ನೇ ಕಲಂ ಹೇಳುತ್ತದೆ. ನಮಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಊರಿನ ಹೆಸರನ್ನು ಮಾತ್ರ ಎಚ್ಚರದಿಂದ ನೋಡಿಕೊಂಡೆವು. ಪೋರ್ಟ್ ಬ್ಲೇರಿಗೆ 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣವಾಗಿದೆ. ನನ್ನ ವರ್ಗಾವಣೆ ಆದೇಶದಲ್ಲಿ ಒಂದು ಹೆಸರು, ಮನೆ ಕರಾರಿನಲ್ಲಿ ಇನ್ನೊಂದು. ವಿಳಾಸ ಬರೆಯುವ ಕಡೆಯಲ್ಲೆಲ್ಲ ಎರಡನ್ನೂ ಬರೆಸಿದೆ.

ವಿಮೆಯ ವಿಷಯಕ್ಕೆ ಬಂದಾಗ ನಮ್ಮವರು, "ಫುಲ್ ಇನ್ಶೂರೆನ್ಸ್ ಇದೆಯಲ್ಲ, ಇನ್ನೇನು?" ಎಂದರು. ಪಾಲಿಸಿಯ ಕಿರುಹೊತ್ತಗೆಯನ್ನು ಕೊನೆಯವರೆಗೆ ಓದಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಆ ರಾತ್ರಿ ನಾನು ಓದಿದೆ. ಸ್ವಂತ ಹಾನಿಯ ವಿಭಾಗದಲ್ಲಿ ಬೆಂಕಿ, ಕಳವು, ಭೂಕಂಪ, ಪ್ರವಾಹ ಎಲ್ಲ ಆದ ಮೇಲೆ, ರಸ್ತೆ, ರೈಲು, ಒಳನಾಡು ಜಲಮಾರ್ಗ, ಲಿಫ್ಟ್, ಎಲಿವೇಟರ್ ಅಥವಾ ವಿಮಾನದ ಮೂಲಕ ಸಾಗಿಸುವಾಗ ಆಗುವ ಹಾನಿಗೂ ರಕ್ಷಣೆ ಇದೆ ಎಂದಿತ್ತು. ಸಮುದ್ರ ಆ ಪಟ್ಟಿಯಲ್ಲಿಲ್ಲ. ಅಂದರೆ ಕಾರು ಯಾವುದೋ ಮಾಲಿನ ಲಿಫ್ಟಿನಲ್ಲಿ ಬಿದ್ದರೆ ಹಣ ಉಂಟು, ಬಂಗಾಳ ಕೊಲ್ಲಿಯಲ್ಲಿ ಬಿದ್ದರೆ ಇಲ್ಲ. ಚೆನ್ನೈನಿಂದ ಪೋರ್ಟ್ ಬ್ಲೇರಿಗೆ 1,300 ಕಿಲೋಮೀಟರಿಗೂ ಹೆಚ್ಚು. ಅಷ್ಟೂ ದೂರ ನಮ್ಮ ಕಾರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ.

ಆದ್ದರಿಂದ ಸಾಗರ ಸರಕು ವಿಮೆ ಬೇರೆಯಾಗಿಯೇ ಮಾಡಿಸಬೇಕು. ಅದರಲ್ಲಿ ಎ, ಬಿ, ಸಿ ಎಂದು ಮೂರು ಬಗೆಯ ಷರತ್ತುಗಳಿವೆ. ಸಿ ಅತಿ ಅಗ್ಗ. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ, ನೆಲ ಕಚ್ಚಿದರೆ, ಡಿಕ್ಕಿ ಹೊಡೆದರೆ ಹಣ ಕೊಡುತ್ತದೆ. ಬಿಯಲ್ಲಿ ಇವುಗಳ ಜೊತೆಗೆ ಸಮುದ್ರದ ನೀರು ಒಳಹೊಕ್ಕರೆ, ಹತ್ತಿಸುವಾಗ ಇಳಿಸುವಾಗ ಇಡೀ ಸರಕು ಬಿದ್ದು ಹಾಳಾದರೆ ಮುಂತಾದವು ಸೇರುತ್ತವೆ. ಎ ಎಂದರೆ, ಹೊರಗಿಟ್ಟಿರುವ ಕಾರಣಗಳನ್ನು ಬಿಟ್ಟು ಉಳಿದದ್ದೆಲ್ಲ. ಹೊರಗಿಟ್ಟದ್ದು ಏನೇನು ಎಂಬುದನ್ನೇ ಓದಬೇಕು. ನಮಗೆ ಬಂದ ಕರಡಿನಲ್ಲಿ, ಬಳಸಿದ ವಾಹನಕ್ಕೆ ಗೀರು, ತಗ್ಗು, ಬಣ್ಣ ಹೋಗುವುದು ಸಲ್ಲದು ಎಂದಿತ್ತು. ಸಾಗಣೆಗೆ ಮೊದಲು ಸರ್ವೇಯರ್ ಬಂದು ನೋಡಿ ವರದಿ ಕೊಟ್ಟರೆ ಆ ಷರತ್ತನ್ನು ಸಡಿಲಿಸುತ್ತೇವೆ ಎಂದರು. ಕರೆಸಿದೆವು. ಅವರ ಶುಲ್ಕ ಕೊಡುವಾಗ ನಮ್ಮವರ ಮುಖ ನೋಡಬೇಕಿತ್ತು.

ಆ ಪಾಲಿಸಿಯಲ್ಲೇ ಜನರಲ್ ಆವರೇಜ್ ಎಂಬುದೊಂದು ಇತ್ತು. ಎಷ್ಟು ವರ್ಷ ಬ್ಯಾಂಕಿನಲ್ಲಿ ಕೂತರೂ ನನಗೆ ಇದು ಹೊಸದು. ಬಿರುಗಾಳಿಯಲ್ಲಿ ಹಡಗನ್ನು ಉಳಿಸಲು ಕಪ್ತಾನನು ಕೆಲವು ಸರಕುಗಳನ್ನು ಬೇಕೆಂದೇ ಸಮುದ್ರಕ್ಕೆ ಎಸೆಯಿಸಿದರೆ, ಆ ನಷ್ಟವನ್ನು ಸರಕು ಕಳೆದುಕೊಂಡವರೊಬ್ಬರೇ ಹೊರುವುದಿಲ್ಲ. ಹಡಗಿನ ಮಾಲೀಕರೂ ಸರಕು ಉಳಿದ ಎಲ್ಲರೂ ತಮ್ಮ ತಮ್ಮ ಸೊತ್ತಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ಸ್ವಸಹಾಯ ಸಂಘದಲ್ಲಿ ಒಬ್ಬಳ ಕಂತು ತಪ್ಪಿದರೆ ಉಳಿದವರು ಸೇರಿ ತುಂಬುವ ಹಾಗೆ. ನಮ್ಮ ಕಾರಿಗೆ ಒಂದು ಹನಿ ನೀರೂ ತಾಗದೆ ದಡ ಸೇರಿದರೂ, ನಮ್ಮ ಪಾಲಿಗೆ ಹಣವನ್ನೋ ವಿಮೆಯವರ ಖಾತರಿಯನ್ನೋ ಕೊಡುವವರೆಗೆ ಹಡಗಿನವರು ಅದನ್ನು ಹಿಡಿದಿಟ್ಟುಕೊಳ್ಳಬಹುದು. ಇದಕ್ಕೆ ಯಾರ್ಕ್-ಆಂಟ್ವರ್ಪ್ ನಿಯಮಗಳು ಎಂದು ಅಂತರರಾಷ್ಟ್ರೀಯ ಕಟ್ಟಳೆಯೇ ಇದೆ. ವಿಮೆ ಮಾಡಿಸದೆ ಕಾರು ಕಳಿಸುವ ಧೈರ್ಯವಂತರು ಇದೊಂದನ್ನು ಓದಿಕೊಂಡರೆ ಸಾಕು.

ಸಾಗಣೆಯವರಲ್ಲಿ ಹಲವರನ್ನು ವಿಚಾರಿಸಿದೆವು. ಅತಿ ಕಡಿಮೆ ದರಕ್ಕೂ ಅತಿ ಹೆಚ್ಚು ದರಕ್ಕೂ ಹತ್ತಿರ ಹತ್ತಿರ ಎರಡು ಪಟ್ಟು ಅಂತರ. ಕಡಿಮೆ ಹೇಳಿದವರು ಫೋನಿನಲ್ಲಿ ಬಹಳ ಸಿಹಿಯಾಗಿ ಮಾತನಾಡುತ್ತಿದ್ದರು, ಇಮೇಲಿನಲ್ಲಿ ಒಂದು ಸಾಲೂ ಬರೆಯುತ್ತಿರಲಿಲ್ಲ. ಅವರನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದೆ. ಕಂಟೇನರಿನೊಳಗೆ ಕಾರು ಕಟ್ಟುವ ಖರ್ಚು ಸೇರಿದೆಯೇ? ಇಲ್ಲ. ಚೆನ್ನೈ ಬಂದರಿನ ನಿರ್ವಹಣಾ ಶುಲ್ಕ? ಇಲ್ಲ. ಪೋರ್ಟ್ ಬ್ಲೇರಿನದು? "ಅದು ಅಲ್ಲಿಯ ಪಾರ್ಟಿ ನೋಡಿಕೊಳ್ಳುತ್ತದೆ ಮೇಡಂ." ಅಲ್ಲಿಯ ಪಾರ್ಟಿ ಯಾರು? "ನೀವೇ." ಹಡಗು ಬಂದ ಮೇಲೆ ಉಚಿತ ಅವಧಿಯೊಳಗೆ ಕಂಟೇನರ್ ಖಾಲಿ ಮಾಡಿ ಮರಳಿಸದಿದ್ದರೆ ದಿನವಹಿ ಬಾಡಿಗೆ ಬೀಳುತ್ತದೆ ಎಂಬ ಮಾತನ್ನು ಅವರು ಎತ್ತಲೇ ಇಲ್ಲ. ಇದನ್ನೆಲ್ಲ ಕೂಡಿಸಿದರೆ ಅವರ ದರ ನಡುವಿನವರ ದರವನ್ನು ದಾಟಿ ಹೋಗುತ್ತಿತ್ತು. ಗೋದಾಮಿನ ಬಾಗಿಲಿನಿಂದ ಪೋರ್ಟ್ ಬ್ಲೇರ್ ಬಂದರಿನ ಹ್ಯಾಡೋ ಧಕ್ಕೆಯ ಹೊರಗಿನ ಅಂಗಳದವರೆಗೆ ಒಂದೇ ಮೊತ್ತವೆಂದು ಬರೆದುಕೊಟ್ಟವರಿಗೆ ಕೆಲಸ ಒಪ್ಪಿಸಿದೆ. ಬೆಂಗಳೂರಿನಿಂದ ಚೆನ್ನೈಗೆ ಕಾರನ್ನು ಲಾರಿಯಲ್ಲಿ ಒಯ್ಯುತ್ತೇವೆ ಎಂದೂ ಅವರು ಹೇಳಿದರು. ಬೇಡವೆಂದೆ. ನಾವೇ ಓಡಿಸಿಕೊಂಡು ಹೋದರೆ ಒಂದು ಕೈ ಬದಲಾವಣೆ ಉಳಿಯುತ್ತದೆ.

ಕಾರಿನೊಳಗೆ ಏನನ್ನೂ ಇಡುವಂತಿಲ್ಲ ಎಂಬುದನ್ನು ನಮ್ಮ ಅತ್ತೆಗೆ ಒಪ್ಪಿಸುವುದು ಫಾರಂ 28ಕ್ಕಿಂತ ಕಷ್ಟವಾಯಿತು. "ಅಷ್ಟು ದೊಡ್ಡ ಡಿಕ್ಕಿ ಖಾಲಿ ಹೋಗುತ್ತದೆಯೇ? ಒಂದು ಡಬ್ಬ ಹುರಿಹಿಟ್ಟು, ಒಂದು ಜಾಡಿ ಮಾವಿನಮಿಡಿ ಇಟ್ಟರೆ ಹಡಗು ಮುಳುಗಿಬಿಡುತ್ತದೆಯೇನಮ್ಮಾ?" ಹಡಗು ಮುಳುಗದು ಅತ್ತೆ, ವಿಮೆ ಮುಳುಗುತ್ತದೆ ಎಂದೆ. ವೈಯಕ್ತಿಕ ಸಾಮಾನಿಗೆ ಆ ಪಾಲಿಸಿ ಅನ್ವಯಿಸುವುದಿಲ್ಲ, ಅದರ ಮೇಲೆ ಮುಚ್ಚಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಜಾಡಿ ಒಡೆದರೆ ಸೀಟುಗಳ ಗತಿಯೇನು? ಸ್ಟೆಪ್ನಿ, ಜಾಕು, ಪಾನಾ ಬಿಟ್ಟು ಎಲ್ಲವನ್ನೂ ತೆಗೆದೆವು. ಕನ್ನಡಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯೂ ಇಳಿಯಿತು. ಫಾಸ್ಟ್ಯಾಗನ್ನು ಚೆನ್ನೈ ತಲುಪಿದ ಮೇಲೆ ಮುಚ್ಚಿಸಿ ಠೇವಣಿ ವಾಪಸು ಪಡೆದೆವು, ದ್ವೀಪದಲ್ಲಿ ಟೋಲ್ ಗೇಟಿಲ್ಲ. ಹೊರಡುವ ಹಿಂದಿನ ದಿನ ಕಾರು ತೊಳೆಸಿ, ಬಿಸಿಲಿನಲ್ಲಿ ನಿಲ್ಲಿಸಿ, ಸುತ್ತಲೂ ಫೋಟೊ ತೆಗೆದೆ. ಬಾಗಿಲು, ಬಂಪರು, ಗಾಜು, ಚಕ್ರದ ಅಂಚು, ಒಳಗಿನ ಓಡೋಮೀಟರ್, ಎಲ್ಲವೂ ದಿನಾಂಕ ಸಮೇತ. ಕೊಳಕು ಕಾರಿನ ಫೋಟೊದಲ್ಲಿ ಗೀರು ಕಾಣುವುದಿಲ್ಲ.

ಚೆನ್ನೈಗೆ ನಾನೂ ನನ್ನ ತಮ್ಮನೂ ಹೊರಟೆವು. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ನಮಗಿದ್ದ ವಿಶೇಷ ಚಿಂತೆ ಪೆಟ್ರೋಲಿನದು. ಗೋದಾಮು ತಲುಪುವಾಗ ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು, ಹಾಗೆಂದು ನಡುದಾರಿಯಲ್ಲಿ ನಿಲ್ಲಲೂಬಾರದು. "ಅಕ್ಕಾ, ಜೀವಮಾನದಲ್ಲಿ ಮೊದಲ ಸಲ ಪೆಟ್ರೋಲ್ ಮುಗಿಯಲಿ ಎಂದು ಬೇಡಿಕೊಂಡು ಗಾಡಿ ಓಡಿಸುತ್ತಿದ್ದೇನೆ" ಎಂದು ತಮ್ಮ ನಗುತ್ತಿದ್ದ. ಶ್ರೀಪೆರಂಬುದೂರು ದಾಟಿದ ಮೇಲೆ ಮುಳ್ಳು ಕೆಂಪು ಗೆರೆಗೆ ತಾಗಿತು.

ಗೋದಾಮು ಮಾಧವರಂ ಬಳಿ, ಲಾರಿಗಳ ಸಾಲಿನ ನಡುವೆ. ಇಪ್ಪತ್ತು ಅಡಿಯ ಕಂಟೇನರಿನ ಒಳಗಿನ ಉದ್ದ ಸುಮಾರು 5.9 ಮೀಟರ್, ಅಗಲ 2.35 ಮೀಟರ್. ನಮ್ಮ ಕಾರಿನ ಅಗಲ 1.7 ಮೀಟರಿನ ಮೇಲೆ ಸ್ವಲ್ಪ. ಉದ್ದಕ್ಕೆ ಜಾಗ ಧಾರಾಳ, ಅಗಲಕ್ಕೆ ಇಲ್ಲ. ನಡುವೆ ನಿಲ್ಲಿಸಿದರೆ ಎರಡೂ ಪಕ್ಕಕ್ಕೆ ಒಂದೊಂದು ಅಡಿ ಮಾತ್ರ, ಓಡಿಸಿದವನು ಇಳಿಯುವುದು ಹೇಗೆ? ಕಿಟಕಿಯಿಂದ ಹೊರಬರೋಣವೆಂದರೆ ಆಮೇಲೆ ಗಾಜು ಏರಿಸಬೇಕಲ್ಲ. ಅಲ್ಲಿದ್ದ ಯುವಕನಿಗೆ ಇದು ನಿತ್ಯದ ಕೆಲಸ, ಮೈಯೂ ಕಡ್ಡಿಯಂತಿತ್ತು. ಕನ್ನಡಿಗಳನ್ನು ಮಡಚಿ, ಇಳಿಜಾರು ಹಲಗೆಯ ಮೇಲೆ ಕಾರನ್ನು ಹತ್ತಿಸಿ, ಎಡಗೋಡೆಗೆ ಅಂಟಿಕೊಂಡಂತೆ ಒಳಗೊಯ್ದ. ಬಲಗೋಡೆಗೆ ಬಾಗಿಲು ತಾಗುವ ಎತ್ತರದಲ್ಲಿ ಇನ್ನೊಬ್ಬ ಮೊದಲೇ ಸ್ಪಂಜಿನ ಹಾಳೆ ಅಂಟಿಸಿದ್ದ. ಬಾಗಿಲು ಆ ಸ್ಪಂಜಿಗೆ ಒತ್ತಿಕೊಂಡಾಗ ಸಿಕ್ಕ ಸಂದಿನಲ್ಲಿ ಅವನು ಮೊದಲು ಕಾಲು, ಆಮೇಲೆ ಉಸಿರು ಬಿಗಿಹಿಡಿದ ಹೊಟ್ಟೆ, ಕೊನೆಗೆ ತಲೆ ಎಂದು ಹೊರಬಂದ. ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಬಾನೆಟ್ ಎತ್ತಿ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ತುದಿಗೆ ಟೇಪು ಸುತ್ತಿದ.

ಲ್ಯಾಶಿಂಗ್, ಅಂದರೆ ಕಾರು ಅಲುಗದಂತೆ ಬಿಗಿದು ಕಟ್ಟುವುದು, ಅದರ ನಂತರ. ಚಕ್ರಗಳ ಹಿಂದೆ ಮುಂದೆ ಮರದ ದಿಮ್ಮಿ ಇಟ್ಟು ಕಂಟೇನರಿನ ಪ್ಲೈವುಡ್ ನೆಲಕ್ಕೆ ಮೊಳೆ ಹೊಡೆದರು. ಚಕ್ರಗಳಿಗೆ ದಪ್ಪ ಪಟ್ಟಿ ತೊಡಿಸಿ, ನೆಲದಂಚಿನ ಉಂಗುರಗಳಿಗೆ ಸಿಕ್ಕಿಸಿ, ರ್‍ಯಾಚೆಟ್ಟಿನಿಂದ ಬಿಗಿದರು. ಬಂಪರಿಗೋ ಸಸ್ಪೆನ್ಷನ್ನಿಗೋ ಕಟ್ಟಿದರೆ ಹಡಗು ತೂಗಾಡಿದಾಗ ಎಳೆದು ಹಾಳಾಗುತ್ತದೆ, ಚಕ್ರಕ್ಕೆ ಕಟ್ಟಿದರೆ ಕಾರು ತನ್ನ ಸ್ಪ್ರಿಂಗಿನ ಮೇಲೆ ತಾನು ಕುಲುಕಿಕೊಂಡಿರುತ್ತದೆ ಎಂದು ಮೇಸ್ತ್ರಿ ತಮಿಳಿನಲ್ಲಿ ವಿವರಿಸಿದರು. ಹಗಲು ಕಾದು ರಾತ್ರಿ ತಣಿಯುವ ಕಬ್ಬಿಣದ ಪೆಟ್ಟಿಗೆಯೊಳಗೆ ಚಾವಣಿಯಿಂದ ನೀರು ತೊಟ್ಟಿಕ್ಕುವುದುಂಟಂತೆ. ಅದಕ್ಕೆ ತೇವ ಹೀರುವ ಚೀಲಗಳನ್ನು ಗೋಡೆಗೆ ನೇತುಹಾಕಿದರು. ಬಾಗಿಲು ಮುಚ್ಚಿ ಬೋಲ್ಟ್ ಸೀಲ್ ಒತ್ತುವಾಗ ಅದರ ಸಂಖ್ಯೆಯನ್ನು ನಾನು ಗಟ್ಟಿಯಾಗಿ ಓದಿ, ರಸೀದಿಯಲ್ಲಿ ಬರೆಸಿ, ಫೋಟೊ ತೆಗೆದೆ. ಒಂದು ಕೀಲಿ ಲಕೋಟೆಯಲ್ಲಿ ಅವರಿಗೆ, ಕೊಟ್ಟದ್ದಕ್ಕೆ ಸಹಿ ನನಗೆ. ಮೇಸ್ತ್ರಿ ನನ್ನ ತಮ್ಮನ ಕಡೆ ತಿರುಗಿ, "ಮೇಡಂ ಕಸ್ಟಮ್ಸಿನವರಾ?" ಎಂದು ಮೆಲ್ಲಗೆ ಕೇಳಿದರು.

ಹಡಗು ಹೊರಡುವುದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ತಡವಾಯಿತು. ಅಕ್ಟೋಬರ್, ನವೆಂಬರ್ ಆ ಕಡಲಿಗೆ ಚಂಡಮಾರುತದ ತಿಂಗಳುಗಳು, ಬೇರೆ ತಿಂಗಳು ಆರಿಸಿಕೊಳ್ಳುವ ಅನುಕೂಲವಿದ್ದವರು ಆರಿಸಿಕೊಳ್ಳಲಿ. ವರ್ಗಾವಣೆ ಆದೇಶಕ್ಕೆ ಹವಾಮಾನ ಗೊತ್ತಿಲ್ಲ. ನಾವು ಬೆಂಗಳೂರಿನಿಂದ ವಿಮಾನದಲ್ಲಿ ಹೋಗಿ ಇಳಿದು, ಮನೆ ಹಿಡಿದು, ಆಟೋದಲ್ಲಿ ಓಡಾಡಿಕೊಂಡಿದ್ದೆವು.

ಹ್ಯಾಡೋದ ಹೊರಗಿನ ಅಂಗಳದಲ್ಲಿ ಕಂಟೇನರ್ ತೆರೆಯುವ ಮೊದಲು ಸೀಲಿನ ಸಂಖ್ಯೆ ತಾಳೆ ನೋಡಿದೆವು. ಸರಿಯಾಗಿತ್ತು. ಪಟ್ಟಿಗಳು ಬಿಗಿಯಾಗಿಯೇ ಇದ್ದವು, ತೇವದ ಚೀಲಗಳು ಉಬ್ಬಿ ಜೋತುಬಿದ್ದಿದ್ದವು. ಬ್ಯಾಟರಿ ತಂತಿ ಜೋಡಿಸಿದೊಡನೆ ಕಾರು ಶುರುವಾಯಿತು. ನಮ್ಮವರು ಸುತ್ತು ಹಾಕುತ್ತಾ ಎಡ ಹಿಂಬಾಗಿಲ ಮೇಲೆ ಒಂದು ಉದ್ದನೆಯ ಗೀರು ಹಿಡಿದರು. "ನೋಡಿದೆಯಾ! ಸರ್ವೇಯರಿಗೆ ಕೊಟ್ಟ ದುಡ್ಡು ಈಗ ವಸೂಲಾಗುತ್ತದೆ" ಎಂದು ಗೆಲುವಿನ ದನಿಯಲ್ಲಿ ಕರೆದರು. ಹೊರಡುವ ಮೊದಲಿನ ಫೋಟೊಗಳನ್ನು ತೆರೆದು ನೋಡಿದರೆ ಅದೇ ಗೀರು, ಅದೇ ಜಾಗದಲ್ಲಿ, ಬಸವನಗುಡಿಯ ಬಿಸಿಲಿನಲ್ಲಿ ಸ್ಪಷ್ಟವಾಗಿ ಹೊಳೆಯುತ್ತಿತ್ತು. ಸರ್ವೇಯರ್ ವರದಿಯಲ್ಲೂ ಅದಕ್ಕೊಂದು ಸಾಲಿತ್ತು. ಗಾಂಧಿ ಬಜಾರಿನ ಯಾವುದೋ ಸ್ಕೂಟರಿನ ಕಾಣಿಕೆ. ಸಾಗಣೆಯವನ ಪ್ರತಿನಿಧಿ ನನ್ನ ಮೊಬೈಲಿನಲ್ಲೇ ಅದನ್ನು ನೋಡಿ, ಬಹಳ ವಿನಯದಿಂದ ಸ್ವೀಕೃತಿಗೆ ಸಹಿ ಹಾಕಿಸಿಕೊಂಡ. ಸಾಕ್ಷ್ಯ ಎರಡೂ ಕಡೆಗೆ ಕುಯ್ಯುತ್ತದೆ, ಇರಲಿ.

ಮುಂದಿನದು ನಿಧಾನವಾದರೂ ನೇರ. ಫಾರಂ 27, ನಿರಾಕ್ಷೇಪಣಾ ಪತ್ರ, ವಿಳಾಸದ ಪುರಾವೆ, ಇನ್ಸ್‌ಪೆಕ್ಟರ್ ಮುಂದೆ ಗಾಡಿ ತೋರಿಸುವುದು, ಅಲ್ಲಿನ ತೆರಿಗೆ, ಹೊಸ ಎಎನ್-01 ಫಲಕ. ವಾಹನ ವಿಮೆಯವರಿಗೆ ಹೊಸ ಸಂಖ್ಯೆ ಮತ್ತು ವಿಳಾಸ ತಿಳಿಸಿ ಪಾಲಿಸಿಯಲ್ಲಿ ಬರೆಸಬೇಕು. ಬೆಂಗಳೂರು ವಿಮಾ ದರದಲ್ಲಿ ಎ ವಲಯ, ಪೋರ್ಟ್ ಬ್ಲೇರ್ ಬಿ ವಲಯ, ಆದ್ದರಿಂದ ಮುಂದಿನ ನವೀಕರಣದಲ್ಲಿ ಕಂತು ಸ್ವಲ್ಪ ಇಳಿಯುತ್ತದೆ. ಮಳೆ ಸುರಿಯುವ, ಉಪ್ಪುಗಾಳಿಯ ಊರಾದ್ದರಿಂದ ಕಾರಿನ ತಳಕ್ಕೆ ತುಕ್ಕು ತಡೆಯುವ ಲೇಪನ ಹಾಕಿಸಿದೆವು. ಅದನ್ನು ಬೆಂಗಳೂರಿನಲ್ಲೇ ಹಾಕಿಸಿಕೊಂಡು ಹೋಗುವುದು ಅಗ್ಗ ಎಂದು ಅಲ್ಲಿಯ ಮೆಕ್ಯಾನಿಕ್ ಕೆಲಸ ಮುಗಿಸಿದ ಮೇಲೆ ಹೇಳಿದ.

ಉಳಿದಿರುವುದು ಕರ್ನಾಟಕದ ಜೀವಿತಾವಧಿ ತೆರಿಗೆಯಲ್ಲಿ ನಮಗೆ ಬರಬೇಕಾದ ಪಾಲು. ಹೊರರಾಜ್ಯದಲ್ಲಿ ಮರುನೋಂದಣಿಯಾದ ಮೇಲೆ, ಕಾರಿನ ವಯಸ್ಸು ಹೆಚ್ಚಿದಷ್ಟೂ ಕಡಿಮೆಯಾಗುವ ಒಂದು ಪಟ್ಟಿಯ ಪ್ರಕಾರ ಅದನ್ನು ಮರಳಿಸುತ್ತಾರೆ. ಎಷ್ಟೋ ಜನ ಕೇಳುವುದೇ ಇಲ್ಲ. ಹೊಸ ಆರ್‌ಸಿಯ ಪ್ರತಿ, ನಿರಾಕ್ಷೇಪಣಾ ಪತ್ರದ ಪ್ರತಿ, ತೆರಿಗೆ ಕಟ್ಟಿದ ರಸೀದಿ, ರದ್ದು ಮಾಡಿದ ಚೆಕ್ ಹಾಳೆ ಎಲ್ಲ ಸೇರಿಸಿ ತಮ್ಮನ ಕೈಗೆ ಕಳಿಸಿದೆ. ಅವನು ಆರ್‌ಟಿಒದಲ್ಲಿ ಕೊಟ್ಟು ಬಂದು, ಮುದ್ರೆ ಬಿದ್ದ ಸ್ವೀಕೃತಿಯ ಫೋಟೊ ಕಳಿಸಿದ. ಸಹಿ ಇತ್ತು, ದಿನಾಂಕ ಮಸುಕಾಗಿತ್ತು. ಮತ್ತೆ ಹೋಗಿ ಬರೆಸಿಕೊಂಡು ಬಾ ಎಂದೆ. ಗೊಣಗಿಕೊಂಡೇ ಹೋದ.